ನಾಲ್ಕನೆಯದು

ಕೋಡಿಬಾಗದ ತಿರುವಿನಲ್ಲಿ ಬಾಲ್ತಜಾರನ ಅಂಗಡಿ.
ತಗಡಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ
ಅಲಾಯ್ ವೀಲುಗಳು
ಮಧ್ಯಾಹ್ನದ ಬಿಸಿಲಲ್ಲಿ ಕಣ್ಣು ಹೊಡೆಯುತ್ತವೆ.
"ನಾಲ್ಕಕ್ಕೆ ಹದಿನೆಂಟು ಸಾವಿರ.
ನಿನಗಾದರೆ ಹದಿನಾರು."

ಹೊಳಪು ನೋಡಬಾರದು.
ಮೀನು ಮಾರುವ ನಮ್ಮ ಗುಲಾಬಿ ಮೌಶಿ
ಬಂಗುಡೆಯ ಮೈಮಿಂಚಿಗೆ ಬುಟ್ಟಿ ತುಂಬಿಸಿದವಳಲ್ಲ;
ಹೆಬ್ಬೆರಳಲ್ಲಿ ಕಿವಿರು ಎತ್ತಿ
ಒಳಗಿನ ಕೆಂಪು ನೋಡಿ ಆಮೇಲೆ ದರ ಕೇಳುತ್ತಿದ್ದಳು.
ನಾನೂ ವೀಲನ್ನು ಬೋರಲು ಹಾಕಿದೆ.

ಮುಖಕ್ಕೆ ಮೂರು ಕೋಟು ಬಳಿಯುವವರೂ
ಬೆನ್ನಿಗೆ ಬಳಿಯಲು ಬೇಜಾರುಪಡುತ್ತಾರೆ.
ಸ್ಪೋಕಿನ ಬುಡದಲ್ಲಿ ಉಗುರು ಎಳೆದೆ,
ಎಲ್ಲಾದರೂ ತಡೆಯುತ್ತದೆಯೇ ಅಂತ.
ಎಷ್ಟು ಭಾರ ಹೊರುತ್ತದೆಂಬ ಅಚ್ಚಿನ ಅಂಕಿ
ಉಜ್ಜಿ ಅಳಿಸಿಲ್ಲ, ಸರಿ.
ಟಯರು ಕೂರುವ ಅಂಚಲ್ಲಿ
ಹಪ್ಪಳಕ್ಕೆದ್ದಂಥ ಸಣ್ಣ ಗುಳ್ಳೆ:
ಅದು ನಮ್ಮ ಕಡಲಿನದೇ ಕೆಲಸ,
ನನ್ನ ಮನೆ ಕಿಟಕಿಯ ಸರಳಿಗೂ ಅದೇ ರೋಗ.

"ಡಾಕ್ಟರೇನೋ ಮಾರಾಯ ನೀನು?" ಬಾಲ್ತಜಾರ ನಕ್ಕ.
ಒಂದು ಹಗ್ಗ ಕೊಡು ಅಂದೆ.

ಒಂದೊಂದನ್ನೇ ಇಳಿಬಿಟ್ಟು
ಮರದ ಕೊಡತಿಯಿಂದ ಮೆಲ್ಲಗೆ.
ಮೊದಲನೆಯದು ಣಣಣ,
ಹೆದ್ದಾರಿಯ ಲಾರಿ ದಾಟಿಹೋದರೂ ಮುಗಿಯಲಿಲ್ಲ.
ಎರಡನೆಯದೂ ಹಾಗೇ. ಮೂರನೆಯದಕ್ಕೆ
ಸ್ವಲ್ಪ ದಪ್ಪ ದನಿ, ಪರವಾಗಿಲ್ಲ.
ನಾಲ್ಕನೆಯದು
ದಡ್.
ಒಡಕು ಗಡಿಗೆ ಹೇಳುವಷ್ಟೇ ಹೇಳಿ ಸುಮ್ಮನಾಯಿತು.

ಬಣ್ಣದಡಿಯ ಬೆಸುಗೆಯ ಹೊಲಿಗೆ
ಬೆರಳಿಗೆ ಸಿಕ್ಕಿತು, ಕಣ್ಣಿಗಲ್ಲ.
"ಇದು ಯಾವ ಕಡೆಯದು?"
"ಎಡ. ಮುಂದಿನದು."
"ಗಾಡಿ?"
"ಬಿಣಗಾ ಇಳಿಜಾರು," ಅಂದವನು
ಚಾ ತರಿಸಲೇ ಅಂದ.

ಎಡಕ್ಕೆ, ಮುಂದೆ, ಡ್ರೈವರು ಕೂರುವುದಿಲ್ಲ.
ನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು
ತಿರುವು ಬಂದಾಗ "ನಿಧಾನ" ಅನ್ನುವವರು ಕೂರುತ್ತಾರೆ.
ಯಾರು ಅಂತ ಕೇಳಲಿಲ್ಲ.
ಕೇಳಿದ್ದರೆ ಅವನಿಗೂ ಗೊತ್ತಿರುತ್ತಿರಲಿಲ್ಲ.

ಉಳಿದ ಮೂರು ಗಟ್ಟಿ. ಸುಳ್ಳು ಹೇಳಬಾರದು,
ಅಷ್ಟು ಗಟ್ಟಿ ಮಾಲು ಈ ಊರಲ್ಲಿ ಅಪರೂಪ.
ಚಾ ಕುಡಿದು ಎದ್ದೆ.

ಹೊರಗೆ ನನ್ನ ವ್ಯಾನು, ಕಬ್ಬಿಣದ ಚಕ್ರ.
ಹೊಂಡಕ್ಕೆ ಬಿದ್ದಾಗೆಲ್ಲ ಬಾಗಿದೆ;
ಅಂಕೋಲೆಯಲ್ಲೊಮ್ಮೆ, ಇಲ್ಲೇ ಒಮ್ಮೆ
ಬಡಿಸಿ ನೆಟ್ಟಗೆ ಮಾಡಿಸಿದ್ದೇನೆ.
ಹತ್ತುವ ಮೊದಲು
ಬೆರಳ ಗಂಟಿನಿಂದ ಸುಮ್ಮನೆ ತಟ್ಟಿದೆ.
ಮಣ್ಣು ಉದುರಿತು.
ದನಿಯೇನೂ ಅಂಥದ್ದಲ್ಲ.