ಮೂವತ್ತನೆಯ ದಿನ ಎರಡನೇ ಶನಿವಾರ

ಜುಲೈ ಹನ್ನೊಂದು, ಗುರುವಾರ. ಶಿಡ್ಲಘಟ್ಟದ ಕೋರ್ಟು.
ಜವಾನ ಬಾಗಿಲಿಗೆ ಬಂದು ಮೂರು ಸಲ ಕೂಗಿದ:
ಜುಲೇಖಾಬೀ, ಜುಲೇಖಾಬೀ, ಜುಲೇಖಾಬೀ.
ಇಪ್ಪತ್ತು ಹೆಜ್ಜೆಯಾಚೆ, ಹೊಂಗೆಮರದ ಕೆಳಗೆ,
ಕಾಗದದ ಚೀಲ ಮಡಿಲಲ್ಲಿಟ್ಟುಕೊಂಡು
ಅವಳು ಕೂತೇ ಇದ್ದಳು.
ಮೂವತ್ತೆರಡು ವರ್ಷ ರೇಷ್ಮೆ ಚರಕದ ಪಕ್ಕ ಕಳೆದ ಕಿವಿ,
ಹತ್ತಿರ ಹೋಗಿ ಹೇಳಿದ್ದಷ್ಟೇ ಕೇಳುತ್ತದೆ.
ಹತ್ತಿರ ಹೋಗಿ ಹೇಳಬೇಕಾದವನು ನಾನು, ವಕೀಲರ ಗುಮಾಸ್ತ.
ನಾನು ಕ್ಯಾಂಟೀನಿನಲ್ಲಿದ್ದೆ. ಎರಡನೇ ಇಡ್ಲಿ.
ಲಾಯರು ಅಶ್ವತ್ಥರೆಡ್ಡಿ ಅವತ್ತು ಚಿಂತಾಮಣಿಯಲ್ಲಿ.

ವಾದಿ ಗೈರು. ವಾದಿಯ ವಕೀಲರು ಗೈರು. ಪ್ರತಿವಾದಿ ಹಾಜರು.
ದಾವೆ ವಜಾ.
ಆರು ವರ್ಷದ ಕಡತಕ್ಕೆ ಒಂದೂವರೆ ಸಾಲಿನ ಷರಾ.

ಇಬ್ಬರೂ ಬಾರದೆ ಇದ್ದಿದ್ದರೆ ಬೇರೆ ಮಾತು,
ಅವಧಿ ಉಳಿದಿದ್ದರೆ ಹೊಸದಾಗಿ ಹಾಕಬಹುದಿತ್ತು.
ಆದರೆ ನೂಲಿನ ಸಾಹುಕಾರ ಬಂದಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ.
ಅವನ ಕಡೆಯವರು ಎದ್ದು ನಿಂತದ್ದಕ್ಕೇ ಆ ಬಾಗಿಲು ಮುಚ್ಚಿತು.
ಉಳಿದದ್ದು ಒಂದು ಕಿಟಕಿ:
ಮಲಗಿದ ದಾವೆಯನ್ನು ಎಬ್ಬಿಸಿ ಕೂರಿಸಿ ಎಂಬ ಅರ್ಜಿ.
ಅದಕ್ಕೆ ಮೂವತ್ತು ದಿನ.

ನಾನು ಅವಳಿಗೆ ಹೇಳಲಿಲ್ಲ.
ಲಾಯರು ಹೇಳುತ್ತಾರೆ ಅಂದುಕೊಂಡೆ. ಲಾಯರು, ನಾನು ಹೇಳಿದ್ದೇನೆ ಅಂತ.
ಎಣಿಸುವುದನ್ನು ಮಾತ್ರ ಬಿಡಲಿಲ್ಲ, ಅದು ಕಸುಬು:
ವಜಾ ಆದ ದಿನ ಲೆಕ್ಕಕ್ಕಿಲ್ಲ, ಮಾರನೆಯ ದಿನ ಒಂದು.
ಬಸ್ಸಿನಲ್ಲಿ ಒಂಬತ್ತು, ಕ್ಷೌರದ ಕುರ್ಚಿಯಲ್ಲಿ ಹದಿನಾರು,
ಮೊಮ್ಮಗಳ ನಾಮಕರಣದ ಊಟಕ್ಕೆ ಕೂತಾಗ ಇಪ್ಪತ್ತನಾಲ್ಕು.

ಇಪ್ಪತ್ತೇಳಕ್ಕೆ ಅವಳೇ ಬಂದಳು, ಮುಂದಿನ ತಾರೀಕು ಕೇಳಲು.
ಕಿವಿಯ ಹತ್ತಿರ ಬಾಗಿ ಹೇಳಿದೆ. ಮತ್ತೆ ಹೇಳಬೇಕಾಯಿತು, ಜೋರಾಗಿ,
ಜಗಲಿಯ ಟೈಪಿಸ್ಟುಗಳೆಲ್ಲ ಕೈ ನಿಲ್ಲಿಸಿದರು.

ಅವಳು ತನ್ನ ಬೆರಳು ನೋಡಿಕೊಂಡಳು.
ಬೇಸಿನ್ನಿನ ಬಿಸಿನೀರಲ್ಲಿ ಬೆಂದು ಬೆಂದು
ಹೆಬ್ಬೆಟ್ಟು ಒತ್ತಿದರೆ ಗೆರೆ ಮೂಡದ ಬೆರಳು.
‘ಗೂಡು ಕಟ್ಟಿದ್ ಮೇಲೆ ಹುಳಕ್ಕೂ ಲೆಕ್ಕ ಅದೆ ಸಾಬ್.
ಹತ್ತು ಹನ್ನೆರಡು ದಿನ, ಆಮೇಲೆ ಚಿಟ್ಟೆ ತೂತು ಮಾಡ್ಕೊಂಡು ಹೋಗ್ತದೆ.
ತೂತು ಬಿದ್ದ ಗೂಡಲ್ಲಿ ನೂಲು ಬರಲ್ಲ.
ನಂದು ತೂತಾಯ್ತಾ?’
ಇಲ್ಲ ಎಂದೆ. ಇನ್ನೂ ಮೂರು ದಿನ.

ಲಾಯರು ಅಂದರು: ಜ್ವರ ಅಂತ ಬರಿ.
ಎಲ್ಲರೂ ಜ್ವರವೇ ಬರೆಯೋದು,
ಇನ್ನೂರು ರೂಪಾಯಿಗೆ ಸರ್ಟಿಫಿಕೇಟು ಸಿಗ್ತದೆ.
ಅವಳು ಅಂದಳು: ‘ನಂಗೆ ಜ್ವರ ಇರಲಿಲ್ಲ. ನಾನು ಇಲ್ಲೇ ಇದ್ದೆ.’
ಹಾಗೆ ಬರೆದರೆ ನಾವೆಲ್ಲಿದ್ದೆವು ಅಂತ ಬರೀಬೇಕಲ್ಲಮ್ಮ.
‘ಬರೀರಿ.’

ಗುರುವಾರ ಲಾಯರು ಮಾತಾಡಲಿಲ್ಲ. ಶುಕ್ರವಾರವೂ.
ಮೂವತ್ತನೆಯ ದಿನ ಎರಡನೇ ಶನಿವಾರ, ಕೋರ್ಟಿಗೆ ಬೀಗ,
ಬೀಗ ಬಿದ್ದ ದಿನ ಮುಗಿದ ಅವಧಿ
ಬಾಗಿಲು ತೆರೆಯುವ ತನಕ ಕಾಯುತ್ತದೆ.
ಕಾನೂನಿಗೂ ಎಲ್ಲೋ ಒಂದು ಕಡೆ ಕರುಣೆ.

ಭಾನುವಾರ ಮನೆಯಲ್ಲೇ ಟೈಪು ಮಾಡಿದೆ:
ಅರ್ಜಿದಾರಳು ನ್ಯಾಯಾಲಯದ ಆವರಣದಲ್ಲೇ ಇದ್ದಳು.
ಆಕೆಗೆ ಕಿವಿ ಮಂದ.
ಕರೆಯಬೇಕಿದ್ದ ಗುಮಾಸ್ತ ಮುನಿಶಾಮಪ್ಪ ಸ್ಥಳದಲ್ಲಿರಲಿಲ್ಲ.
ನನ್ನ ಹೆಸರು ಒತ್ತುವಾಗ ‘ಶಾ’ ಎರಡು ಸಲ ತಪ್ಪಿತು.
ಇಡ್ಲಿಯನ್ನು ಬರೆಯಲಿಲ್ಲ.
ಲಾಯರು ಓದಿದರು, ಕನ್ನಡಕ ತೆಗೆದು ಒರೆಸಿ
ಮತ್ತೆ ಓದಿದರು, ಸಹಿ ಹಾಕಿದರು.

ಸೋಮವಾರ, ಹತ್ತೂ ಮುಕ್ಕಾಲು.
ಕೌಂಟರಿನ ಹುಡುಗಿ ತಾರೀಕಿನ ಮುದ್ರೆ ಎತ್ತಿಕೊಂಡಳು.
ಅದರಲ್ಲಿನ್ನೂ ಶುಕ್ರವಾರವಿತ್ತು. ಹೆಬ್ಬೆರಳಿಂದ
ಪುಟ್ಟ ರಬ್ಬರು ಗಾಲಿಯನ್ನು ಮೂರು ಹಲ್ಲು ಮುಂದಕ್ಕೆ ತಿರುಗಿಸಿ
ಒತ್ತಿದಳು.

ಜುಲೇಖಾಬೀ ಆ ಗಾಲಿಯನ್ನೇ ನೋಡುತ್ತಿದ್ದಳು, ಚರಕ ನೋಡುವ ಹಾಗೆ.
‘ಅದು ಹಿಂದಕ್ಕೂ ತಿರುಗ್ತದಾ?’
ತಿರುಗುತ್ತದಮ್ಮ, ಎಂದೆ,
ಹತ್ತಿರ ಹೋಗಿ.