ಮುಖ ನೋಡಿ ಮೆಣಸು

ಬರ್ಗೆನ್ ಬಂದರಿನ ಹಿಂದಿನ ಓಣಿ, ಆರೇ ಮೇಜು.
ಚೀಟಿಯ ಮೂಲೆಯಲ್ಲಿ ನಾನಿಡುವ ಚುಕ್ಕಿ
ಬುವಾಲೈ ಅಕ್ಕನಿಗೆ ಕಂಡರೆ ಸಾಕು:
ನೀಲಿ ಕಣ್ಣಿಗೆ ಸೊನ್ನೆ,
ಫುಕೆಟ್ ನೋಡಿ ಬಂದೆವೆಂದು ತಾವಾಗಿ ಹೇಳಿಕೊಳ್ಳುವವರಿಗೆ
ಒಂದು, ಅದೂ ಬೀಜ ತೆಗೆದು.
ನಮ್ಮವರಿಗೆ ಐದು.

ಅಕ್ಕನಿಗೆ ಒರಳೂ ಎರಡು.
ಒಂದರಲ್ಲಿ ಕಡಲೆಬೀಜ, ಸಕ್ಕರೆ, ಕ್ಯಾರೆಟ್ಟು.
ಇನ್ನೊಂದಕ್ಕೆ ಕೊಳೆಸಿದ ಮೀನಿನ ರಸ;
ಆ ಜಾಡಿಯ ಮುಚ್ಚಳಕ್ಕಿಂತ ಮೊದಲು
ಕಿಟಕಿ ತೆಗೆಯಬೇಕು.
ಸುಳ್ಳು ಅಡುಗೆಯಲ್ಲವಾ ಇದು, ಅಂದರೆ
"ಕೂಸಿಗೆ ಕಿವುಚಿ ಕೊಟ್ಟರೆ
ಅನ್ನ ಅನ್ನವಲ್ಲವೇನೇ?"

ಮಂಗಳವಾರ ಒಬ್ಬಳೇ ಬಂದಳು, ಕೊಡೆ ಒದರುತ್ತ.
ಖೋನ್‌ಕೇನ್ ಸಂತೆಯ ಮುಖ, ಅಗಲ ಕೆನ್ನೆ.
ನಮ್ಮ ಮಾತಲ್ಲೇ ಬಾ ಎಂದೆ. ನಕ್ಕಳು.
ಐದು ಚುಕ್ಕಿ ಇಟ್ಟೆ.

ಎರಡನೇ ತುತ್ತಿಗೆ ಫೋರ್ಕು ಕೆಳಗೆ.
ಮೂಗು, ಕಣ್ಣು, ಕಿವಿಯ ತುದಿ ಕೂಡ ಕೆಂಪು.
ಅಪ್ಪಟ ಈ ಊರಿನ ಉಲಿಯಲ್ಲಿ ಕೇಳಿದಳು:
"ಹಾಲು ಸಿಗುತ್ತಾ?"
ಹೆಸರು ಇಂಗ್ವಿಲ್ಡ್.
ಹನ್ನೊಂದನೇ ತಿಂಗಳಿಗೆ ದತ್ತು ಬಂದವಳು,
ಮೀನುಂಡೆ, ಆಲೂಗಡ್ಡೆ, ಬಿಳಿ ಸಾರಿನಲ್ಲಿ ಬೆಳೆದ ನಾಲಿಗೆ.

ಅಕ್ಕ ಹೊರಬಂದು ನನ್ನನ್ನು ದುರುಗುಟ್ಟಿ
ತಟ್ಟೆಗೆ ಕೈ ಹಾಕಿದಳು. ಹುಡುಗಿ ಬಿಡಲಿಲ್ಲ.
ಅಂಚು ಹಿಡಿದುಕೊಂಡೇ
ಹಾಲು ಕುಡಿದಳು.

ಮರುವಾರ ಅದೇ ಮೇಜು.
ಮುಖ ನೋಡಿ ಮಣೆ ಹಾಕುವ ನನ್ನ ಪೆನ್ನು
ಕಾಗದದ ಮೇಲೆ ಸುಮ್ಮನೆ ನಿಂತಿತು.
ಎಷ್ಟು? ಅಂತ ಕೇಳಿದೆ, ಚೀಟಿಯನ್ನೇ ನೋಡುತ್ತ.
ಬೆರಳು ಮಡಿಸಿ, ಬಿಡಿಸಿ, ಬಹಳ ಹೊತ್ತಿನ ಮೇಲೆ:
"ಎರಡು.
ಆ ವಾಸನೆ ಮಾತ್ರ ಇರಲಿ."

ಹೋಗಿ ಕಿಟಕಿ ತೆಗೆದೆ.