ಮೂವತ್ತೈದು ಗ್ರಾಂ

ಮೂರು ಕೋಟಿ ಕಾರಿನ ಧಣಿ
ನಲಬಂದ ಮಕ್ತುಮಸಾಬನ ಲೂನಾದ ಹಿಂದ ಕುಂತು ಬಂದ,
ತೊಡಿ ಮ್ಯಾಲೆ ಚಾದರದಾಗ ಸುತ್ತಿದ ಗಂಟು,
ಕೂಸು ಹಿಡದ್ಹಾಂಗ ಎರಡೂ ಕೈಲೆ ಹಿಡದು.
ಕೌಂಟರಿನ ಮ್ಯಾಲೆ ಬಿಚ್ಚಿದ್ರ, ಕರೀ ಹಂಚು.
ಮೈತುಂಬ ತೂತು, ನಡುವ ಬೆಳ್ಳಗ ಒಂದು ಬಟ್ಟಲು.
"ರೊಟ್ಟಿ ಬೇಯಿಸೂದಲ್ಲ ತುಳಜಕ್ಕಾ, ಇದು ಬ್ರೇಕು."

ದುರ್ಗದ ಬೈಲಿನ ಹಿಂದ ನನ್ನ ತಕ್ಕಡಿ ರಿಪೇರಿ ಅಂಗಡಿ.
ಮೆಣಸಿನಕಾಯಿ ತೂಗೂ ಕಾಟಾ, ಬೆಳ್ಳಿ ತೂಗೂ ಕಾಟಾ,
ರೇಶನ್ ಅಂಗಡಿಯ ಕಳ್ಳ ಕಾಟಾ,
ಎಲ್ಲಾ ನನ್ನ ಕೈಯಾಗ ಕಿವಿ ಹಿಂಡಿಸಿಕೊಂಡು ಖರೇ ಆಗಿ ಹೋಗತಾವ.
ಬ್ರೇಕು ಬಂದದ್ದು ಇದಽ ಮೊದಲು.

ವರ್ನಿಯರ್ ಹಿಡದು ತೋರಿಸಿದ ನಲಬಂದ.
ದಪ್ಪ ಹೊಸಾದರಷ್ಟಽ ಐತಿ, ಕೂದಲೆಳೆ ಫರಕಿಲ್ಲ.
"ಕಬ್ಬಿಣ ಸವದ್ರ ಉಗುರಿಗೆ ತಿಳೀತೈತಿ,
ಅಂಚಿನ್ಯಾಗ ಬದು ಎದ್ದಿರತೈತಿ.
ಇದು ಹಂಗಲ್ಲಕ್ಕಾ. ಮ್ಯಾಲೆ ಸಪಾಟು, ಒಳಗಿನ ಎಳಿ ಉರದು ಹೋಗಿರತಾವ.
ಅದಕ್ಕಽ ಮಾಡಿದವ್ರು ಇಲ್ಲೆ ತೂಕ ಕೆತ್ಯಾರ, ನೋಡು."
ಬಟ್ಟಲದ ಮ್ಯಾಲೆ ಇರುವಿಯಂಥಾ ಅಕ್ಷರ:
ಆರು ಸಾವಿರದ ನೂರಾ ಇಪ್ಪತ್ತು.
ಇದರ ಕೆಳಗ ಇಳದ್ರ ನಂಬಬ್ಯಾಡ.

ಫ್ಯಾನ್ ಬಂದ್ ಮಾಡಿದೆ. ಬಾಗಿಲಾ ಅರ್ಧಾ ಎಳದೆ.
ಕೆಂಪು ಅಂಕಿ ಎರಡು ಸಲ ತಡವರಿಸಿ ನಿಂತವು:
ಆರು ಸಾವಿರದ ಎಂಬತ್ತೈದು.

"ಎಲ್ಲಿ ಹೋತು ಅದು?" ಅಂದ ಸಂಕೇತ ಕುಪ್ಪೇಲೂರ,
ರಾಣೇಬೆನ್ನೂರಿನ ಬೀಜದ ಕಂಪನಿಯ ಸಣ್ಣ ಧಣಿ,
ನಾನಽ ಕದ್ದಿಟ್ಟೇನೇನೋ ಅನ್ನೂಹಾಂಗ.
"ಕೊಯಮತ್ತೂರಿನ ಟ್ರ್ಯಾಕಿನ್ಯಾಗ ಎರಡು ದಿನಾ
ಹುಚ್ಚು ಹಿಡದವರಾಂಗ ಓಡಿಸಿದ್ರೆಲ್ರೀ, ಅಲ್ಲೆ," ಅಂದ ನಲಬಂದ.
"ಗಾಳಿಯೊಳಗ."

ಆಮ್ಯಾಲೆ ಮಾತು ಸಣ್ಣ ದನಿಗೆ ಇಳೀತು.
ಗೋವಾದಾಗ ಗಿರಾಕಿ ಅದಾನಂತ,
ಚೀಟಿಯೊಳಗ ಮೂವತ್ತೈದು ಗ್ರಾಂ ಜಾಸ್ತಿ ಬರದ್ರ,
ಐದು ಸಾವಿರ, ಈಗಿಂದೀಗ.
ಮೂವತ್ತೈದು ಗ್ರಾಂ ಅಂದ್ರ ಮೂರು ತೊಲಿ.
ನನ್ನ ಎರಡು ಬಿಲ್ವಾರ ಹಿಂಗಽ ಮೂರು ತೊಲಿ ಇದ್ದವು,
ಅಡವಿಟ್ಟ ದಿನಾ ಇಷ್ಟಽ ತೂಕ ತೋರಿಸಿತ್ತು ಕಾಟಾ.
ನಲಬಂದ ಗ್ವಾಡಿಯ ಕ್ಯಾಲೆಂಡರ್ ನೋಡತಿದ್ದ.
ಅವಂದು ಎತ್ತಿನ ಗೊರಸಿಗೆ ನಾಲು ಬಡದ ಮನಿತನ,
ಒಂದು ಮೊಳಿ ತಪ್ಪಿದ್ರ ಎತ್ತು ಕುಂಟತೈತಿ ಅಂತ ಗೊತ್ತು.
ಏನೂ ಅನಲಿಲ್ಲ.

ಮಷಿನ್ ತಾನಽ ಚೀಟಿ ಉಗುಳಿತು, 6085.
ನಾ ಸಿಕ್ಕಾ ಒತ್ತಿದೆ.
"ಇಪ್ಪತ್ತು ರೂಪಾಯಿ ಕೊಡ್ರಿ."

ಚೀಟಿ ಹರದು ಒಗದು ಹೋದ, ಆಟೋ ಹಿಡಕೊಂಡು.
ತುಂಡು ಆರಿಸಿ ಕಿಸೆದಾಗ ಹಾಕ್ಕೊಂಡ ನಲಬಂದ.
ಹದಿನೈದು ದಿನಾ ಗೋಕುಲ ರೋಡಿನ ಗ್ಯಾರೇಜಿನ್ಯಾಗ
ಆ ಹಳದೀ ಕಾರು ಜಾಕಿನ ಮ್ಯಾಲೆ ಕಾಲೆತ್ತಿ ನಿಂತಿತ್ತಂತ.
ಜರ್ಮನಿಗೆ ಕಳಿಸಿ ರಿಪೇರಿ ಮಾಡಸೂದೋ,
ಹೊಸಾ ಜೋಡಿ ತರಸೂದೋ, ಫೋನಿನ ಮ್ಯಾಲೆ ಫೋನು.
ಕಡೀಕ ಕಬ್ಬಿಣ ಹಾಕಿಸಿಕೊಂಡು ಹೋದ, ಸಿಟ್ಟಿನಿಂದ.
"ಭಾರ ಆತು ಅಂತ ಬೈತಾನಕ್ಕಾ,
ಆದ್ರ ಈಗ ಸವದದ್ದು ಕಣ್ಣಿಗೆ ಕಾಣತೈತಿ."

ಯಾರಿಗೂ ಬ್ಯಾಡಾದ ಹಂಚು ನನ್ನ ಅಂಗಡಿಗೆ ಬಂತು.
ದಿನಾ ಮುಂಜಾನೆ ದೀಪಾ ಹಚ್ಚಿ
ಮೊದಲು ಅದನ್ನಽ ಕಾಟಾದ ಮ್ಯಾಲೆ ಇಡತೇನಿ.
ಆರು ಸಾವಿರದ ಎಂಬತ್ತೈದು ತೋರಿಸಿದ್ರ
ಕಾಟಾ ಖರೇ ಐತಿ ಅಂತ ಲೆಕ್ಕ.
ಸರಕಾರಿ ಇನ್‌ಸ್ಪೆಕ್ಟರು ನೋಡಿ ನಕ್ಕ,
"ಇದಕ್ಕೂ ಸೀಲ್ ಹಾಕ್ಲೇನ್ರೀ?"

ಹಾಕದಿದ್ದದ್ದು ಛಲೋ ಆತು.
ಶ್ರಾವಣದ ಜಿಟಿಜಿಟಿ ಶುರು ಆದ ವಾರ
ಎರಡು ಗ್ರಾಂ ಜಾಸ್ತಿ ತೋರಿಸ್ತು.
ಕಾಟಾ ಬಿಚ್ಚಿ ನೋಡಿದೆ, ತಪ್ಪಿಲ್ಲ.
ಬೆರಳಿಟ್ಟೆ, ಹಂಚು ತಣ್ಣಗ.
ಒಳಗ ಉರದ ಜಾಗಾದಾಗೆಲ್ಲಾ
ಸದ್ದಿಲ್ಲದ ನೀರು ಕುಡೀತಿತ್ತು.